ಕೊನೆಯ ನೀರು

ಹಮಾಕುವಾ, ಹವಾಯಿ
1912 ಏಪ್ರಿಲ್ 18

ಅತ್ತೆಯವರಿಗೆ ಸೆಕಿಯ ನಮಸ್ಕಾರಗಳು.

ಹಡಗು ಇಳಿದು ಎರಡು ವಾರವಾಯಿತು. ಇಷ್ಟು ದಿನ ಒಂದು ಕಾಗದ ಹಾಕಲಿಲ್ಲವಲ್ಲ ಎಂದು ನೀವು ಬೈಯುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಮೊದಲು ನಿಮಗೆ ಬೇಕಾದ ಸುದ್ದಿ ಹೇಳಿಬಿಡುತ್ತೇನೆ. ನಿಮ್ಮ ಮಗ ಚೆನ್ನಾಗಿದ್ದಾರೆ.

ಬಂದರಿನಲ್ಲಿ, ನನ್ನ ಹಾಗೇ ಫೋಟೋ ನೋಡಿ ಮದುವೆಯಾದ ನಮ್ಮ ಹಡಗಿನ ಹೆಂಗಸರೆಲ್ಲ ಒಂದೊಂದು ಫೋಟೋ ಹಿಡಿದುಕೊಂಡು ತಂತಮ್ಮ ಗಂಡಂದಿರನ್ನು ಹುಡುಕುತ್ತಿದ್ದರು. ಅರ್ಧಕ್ಕರ್ಧ ಜನ ಅಲ್ಲೇ ಅತ್ತುಬಿಟ್ಟರು. ಒಬ್ಬಳ ಗಂಡ ಫೋಟೋಗಿಂತ ಇಪ್ಪತ್ತು ವರ್ಷ ಮುದುಕ. ಇನ್ನೊಬ್ಬಳ ಗಂಡ ಫೋಟೋದವನೇ ಅಲ್ಲ, ಗೆಳೆಯನ ಫೋಟೋ ಕಳಿಸಿದ್ದ. ನನಗೆ ಅಂಥ ಮೋಸವೇನೂ ಆಗಲಿಲ್ಲ. ನಿಮ್ಮ ಮಗ ಫೋಟೋದಲ್ಲಿ ಇದ್ದ ಹಾಗೇ ಇದ್ದಾರೆ, ಆ ದೊಡ್ಡ ಕಿವಿಗಳ ಸಹಿತ. ನನ್ನನ್ನು ನೋಡಿ ಅವರಾಡಿದ ಮೊದಲ ಮಾತು, "ಅಮ್ಮ ಹೇಗಿದಾಳೆ?" ಎರಡನೆಯದು, "ಮಿಸೋ ತಂದಿದೀಯಾ?" ಸೋಯಾ ಕಾಳು ಹುಳಿಸಿ ನೀವು ಮಾಡಿಕೊಟ್ಟ ಆ ಮಿಸೋದ ಗಡಿಗೆಯನ್ನು ಹಡಗಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದಿದ್ದೆ. ಹೆಂಡತಿಗಿಂತ ಗಡಿಗೆಗೇ ಹೆಚ್ಚು ಮರ್ಯಾದೆ ಸಿಕ್ಕಿತು.

ಹೆಂಡತಿ ಎಂದು ಕಚೇರಿಯ ದಾಖಲೆಯಲ್ಲಿ ಹೆಸರು ಬರೆಸಿಕೊಂಡು, ಅರ್ಧ ವರ್ಷ ನಿಮ್ಮ ಮನೆಯಲ್ಲಿ, ಊರಲ್ಲಿಲ್ಲದ ಮಗನಿಗೆಂದು ನೀವು ದಿನವೂ ಬಡಿಸಿಡುವ ತಟ್ಟೆಯ ಪಕ್ಕ ಕೂತು ಉಂಡವಳು ನಾನು. ಈಗ ಆ ತಟ್ಟೆಯ ಮನುಷ್ಯ ಎದುರಿಗೆ ಕೂತು ನಿಜವಾಗಿ ಅಗಿಯುವುದನ್ನು ನೋಡಿದರೆ ನಗು ಬರುತ್ತದೆ. ಸದ್ದು ಮಾಡಿಕೊಂಡು ಉಣ್ಣುತ್ತಾರೆ.

ನಾವಿರುವುದು ಕಬ್ಬಿನ ತೋಟದಲ್ಲಿ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಯಲ್ಲಿ. ನನಗೂ ಕೆಲಸ ಸಿಕ್ಕಿದೆ. ಕಬ್ಬಿನ ಒಣಗಿದ ಎಲೆ ಸುಲಿಯುವುದು. ಎಲೆಯ ಸುಂಕು ಚುಚ್ಚದ ಹಾಗೆ ಮೈತುಂಬ ಬಟ್ಟೆ ಸುತ್ತಿಕೊಳ್ಳುತ್ತೇವೆ, ಕಣ್ಣು ಮಾತ್ರ ಹೊರಗೆ. ಆದರೂ ಸುಂಕು ಒಳಗೆ ಬಂದೇ ಬರುತ್ತದೆ. ಸಂಜೆಗೆ ಮೈಯೆಲ್ಲ ಉರಿ.

ಆ ಹೊತ್ತಿಗೆ ಸ್ನಾನ ಒಂದಿದ್ದರೆ ಸಾಕು ಅನ್ನಿಸುತ್ತದೆ. ಲೈನಿಗೆಲ್ಲ ಸೇರಿ ಒಂದೇ ಒಂದು ಮರದ ತೊಟ್ಟಿ ಇದೆ. ಕಾಲುವೆಯಿಂದ ನೀರು ಹೊರುವುದು, ಸೌದೆ ಒಟ್ಟುವುದು, ಒಲೆ ಊದುವುದು ಹೆಂಗಸರ ಪಾಲು. ಅದೇ ನೀರಿಗೆ ಒಬ್ಬರಾದ ಮೇಲೊಬ್ಬರು ಇಳಿಯುವಾಗ ಮಾತ್ರ ಮೊದಲು ಗಂಡಸರು. ಮದುವೆಯಾದವರು, ಆಮೇಲೆ ಒಂಟಿ ಗಂಡಸರು, ಅವರೆಲ್ಲ ಎದ್ದು ಹೋದ ಮೇಲೆ ನಾವು. ಅಷ್ಟರಲ್ಲಿ ನೀರು ತಣ್ಣಗೆ, ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಸಮುದ್ರ ದಾಟಿ ಬಂದರೂ ನನ್ನ ಪಾಲಿಗೆ ಕೊನೆಯ ನೀರೇ. ಹಾಗಾಗಿ ದಿನಾ ಸಂಜೆ ನಿಮ್ಮ ಮನೆ ನೆನಪಾಗುತ್ತದೆ. ನೀವು ಆ ದಿನ ಚೆಲ್ಲಿಸಿದ ನೀರನ್ನೂ ನಾನು ಮರೆತಿಲ್ಲ.

ನಿಮ್ಮ ಸೊಸೆ
ಸೆಕಿ

*

ಓಶಿಮಾ
1912 ಜೂನ್ 9

ಸೆಕಿಗೆ,

ನಿನ್ನ ಕಾಗದವನ್ನು ನಿನ್ನ ಮಾವನಿಗೆ ಓದಿ ಹೇಳಿದೆ. ಅವರು ಅಕ್ಷರ ಕಲಿತವರಲ್ಲ. ಸಹಿಯ ಬದಲು ಒತ್ತುವ ಯಜಮಾನಿಕೆಯ ಮೊಹರು ಅವರದು, ಬರೆಯುವ ಕೈ ನನ್ನದು ಎಂದು ನಿನಗೆ ಗೊತ್ತೇ ಇದೆ. ಅವರು ಹೇಳಿ ಬರೆಸಿದ್ದು ಇಷ್ಟು. ಗಂಡನ ಮಾತು ಮೀರಬೇಡ. ಬೆಳಿಗ್ಗೆ ಅವನಿಗಿಂತ ಮೊದಲು ಏಳು. ಈ ಮನೆಯ ಹೆಸರು ಆ ದೇಶದಲ್ಲಿ ಕೆಡದ ಹಾಗೆ ನೋಡಿಕೋ.

ಇನ್ನು ನನ್ನ ಮಾತು.

ನೀರು ಚೆಲ್ಲಿಸಿದ್ದನ್ನು ಮರೆತಿಲ್ಲ ಎಂದು ಬರೆದಿದ್ದೀಯ. ಮರೆಯಬೇಡ. ನಿನ್ನ ಮಾವ ಅವತ್ತು ಪಕ್ಕದೂರಿನ ಮದುವೆಗೆ ಹೋಗಿದ್ದರು. ಇಳಿದು ಕೂರುವ ಸ್ನಾನದ ಹಂಡೆಯಲ್ಲಿ ಹೊಸ ನೀರು ಕಾಯುತ್ತಿತ್ತು. ಮನೆಯ ಯಜಮಾನ ಇಳಿಯದ ನೀರಿಗೆ, ಬಂದು ನಾಲ್ಕು ತಿಂಗಳಾಗದ ಸೊಸೆ, ಕಿತ್ತಳೆ ತೋಟದ ಮಣ್ಣು ಮೆತ್ತಿಕೊಂಡು ಬಂದವಳು, ಇಳಿದು ಹಾಡು ಹೇಳಿಕೊಂಡು ಕೂತಿದ್ದಳು. ನಾನು ಆ ನೀರನ್ನೆಲ್ಲ ಚೆಲ್ಲಿಸಿದೆ. ಬಾವಿಯಿಂದ ಮತ್ತೆ ಹೊರಿಸಿದೆ, ಮತ್ತೆ ಕಾಯಿಸಿದೆ. ನಿನ್ನ ಕೈಯಲ್ಲಿ ಬೊಬ್ಬೆ ಎದ್ದದ್ದೂ ನನಗೆ ಗೊತ್ತು. ನಿನ್ನ ಮಾವನಿಗೆ ಹೇಳಿದ್ದರೆ ಅಂದೇ ತವರಿಗೆ ಕಳಿಸುತ್ತಿದ್ದರು. ನಾನು ಹೇಳಲಿಲ್ಲ. ಅದನ್ನೂ ನೆನಪಿಟ್ಟುಕೊಂಡರೆ ಒಳ್ಳೆಯದು.

ಕೊನೆಯ ನೀರು ಮೈಗೆ ಮೆತ್ತಗಿರುತ್ತದೆ ಎಂದು ನನ್ನ ಅತ್ತೆ ನನಗೆ ಹೇಳಿದ್ದರು. ನಾನು ನಿನಗೆ ಹೇಳುತ್ತಿದ್ದೇನೆ.

ಕುಮಾಜಿ ಮೊದಲಿಂದಲೂ ಸದ್ದು ಮಾಡಿಕೊಂಡೇ ಉಣ್ಣುತ್ತಾನೆ. ಅದರಲ್ಲಿ ನಗುವಂಥದ್ದೇನಿದೆ? ಇಲ್ಲಿ ಅವನ ತಟ್ಟೆಯ ಪಕ್ಕದಲ್ಲಿ ಈಗ ನಿನಗೂ ಒಂದು ಇಡುತ್ತೇನೆ. ಚಿಕ್ಕದು.

ವಿಶೇಷ ಏನಾದರೂ ಇದ್ದರೆ ಮೊದಲು ನನಗೆ ಬರಿ.

ತೋಯೊ

*

ಹಮಾಕುವಾ
1913 ಜನವರಿ 6

ಅತ್ತೆಯವರಿಗೆ,

ಹೊಸ ವರ್ಷದ ನಮಸ್ಕಾರಗಳು. ಇಲ್ಲಿ ಎಲ್ಲ ಸರಿಯಾಗಿದೆ. ಲೈನಿನವರೆಲ್ಲ ಸೇರಿ ಬೆಂದ ಅಕ್ಕಿ ಕುಟ್ಟಿ ಹಬ್ಬದ ಮೋಚಿ ಉಂಡೆ ಮಾಡಿದರು. ನನಗೆ ಮೈ ಸ್ವಲ್ಪ ಸರಿ ಇರಲಿಲ್ಲ, ಈಗ ಕೆಲಸಕ್ಕೆ ಹೋಗುತ್ತಿದ್ದೇನೆ. ನಿಮ್ಮ ಮಗ ಸೌಖ್ಯ. ಒಣಮೀನು ಇನ್ನು ಕಳಿಸಬೇಡಿ, ಹೋದ ಸಲದ್ದಕ್ಕೆ ಹುಳ ಬಿದ್ದಿತ್ತು.

ಹೆಚ್ಚು ಬರೆಯುವಂಥದ್ದೇನೂ ಇಲ್ಲ.

ಸೆಕಿ

*

ಓಶಿಮಾ
1913 ಮಾರ್ಚ್ 2

ಸೆಕಿಗೆ,

ಗೋಡೆಗೆ ಮೊಳೆ ಹೊಡೆದ ಹಾಗೆ ನಾಲ್ಕು ಸಾಲು ಬರೆದು ಕಳಿಸಿದ್ದೀಯ. ನಿನ್ನ ಮಾವನಿಗೆ ಓದಿ ಹೇಳಿದರೆ, "ಇಷ್ಟಕ್ಕೆ ಹಡಗಿನವರಿಗೆ ಯಾಕೆ ತೊಂದರೆ ಕೊಟ್ಳು?" ಅಂದರು. ಅವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಮೈ ಸರಿ ಇಲ್ಲ ಅಂತೀಯ. ಇಷ್ಟು ದಿನ ನಮ್ಮನೆಯ ಮೀನು ಬೇಕು ಎನ್ನುತ್ತಿದ್ದವಳು ಈಗ ಮೀನು ಬೇಡ ಅಂತೀಯ. ಮಾತು ಕಡಿಮೆಯಾಗಿದೆ. ಸೆಕಿ, ನಾನು ಐದು ಹೆತ್ತವಳು. ನೀನು ಬರೆಯದೇ ಬಿಟ್ಟದ್ದನ್ನೂ ಓದಿಕೊಂಡಿದ್ದೇನೆ. ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದು ಎಂದು ಸುಮ್ಮನಿದ್ದೀಯ. ಅದು ಜಾಣತನವೇ.

ಇದರ ಜೊತೆ ಹೊಟ್ಟೆಗೆ ಸುತ್ತಿಕೊಳ್ಳುವ ಬಿಳಿ ಬಟ್ಟೆ ಕಳಿಸಿದ್ದೇನೆ. ನಾಯಿ ನೋವಿಲ್ಲದೆ ಹೆರುತ್ತದಲ್ಲ, ಅದಕ್ಕೇ ಪಂಚಾಂಗದಲ್ಲಿ ನಾಯಿಯ ದಿನ ನೋಡಿ, ಗುಡ್ಡದ ಮೇಲಿನ ಗುಡಿಗೆ ಹೋಗಿ ಮಂತ್ರಿಸಿ ತಂದದ್ದು. ಮೆಟ್ಟಿಲು ಹತ್ತಿ ಮಂಡಿ ಹಿಡಿದುಕೊಂಡಿದೆ. ಐದನೇ ತಿಂಗಳಲ್ಲಿ ಸುತ್ತಿಕೋ. ಬಿಗಿಯಾಗಿ ಸುತ್ತಬೇಕು, ಸಡಿಲ ಬಿಟ್ಟರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ.

ಕಿವಿ ಕುಮಾಜಿಯದು ಬರದಿರಲಿ ಎಂದೂ ಬೇಡಿಕೊಂಡಿದ್ದೇನೆ. ಅದನ್ನು ಅವನಿಗೆ ಹೇಳಬೇಡ.

ತೋಯೊ

*

ಹಮಾಕುವಾ
1913 ಮೇ 11

ಅತ್ತೆಯವರಿಗೆ,

ಬಟ್ಟೆ ತಲುಪಿತು. ಒಳ್ಳೆಯ ಬಟ್ಟೆ, ಉದ್ದವಾಗಿದೆ. ಉಪಯೋಗಕ್ಕೂ ಬಂತು. ಯಾವ ಉಪಯೋಗ ಎಂದು ಹೇಳುವುದಕ್ಕೆ ಮೊದಲು ಇಲ್ಲಿ ನಡೆದ ಒಂದು ಜಗಳದ ಕಥೆ ಹೇಳಬೇಕು. ಮಾವನವರಿಗೆ ಓದಿ ಹೇಳುವಾಗ ಇದನ್ನು ಬಿಡುವುದೋ ಓದುವುದೋ ನಿಮಗೆ ಬಿಟ್ಟದ್ದು.

ಹೋದ ತಿಂಗಳು ಒಂದು ಸಂಜೆ ಎಂದಿನ ಹಾಗೆ ನಾವು ಹೆಂಗಸರು ನೀರು ಹೊತ್ತು ತೊಟ್ಟಿ ತುಂಬಿಸಿ ಒಲೆ ಹಚ್ಚಿದೆವು. ಆವಿ ಏಳುತ್ತಿತ್ತು. ಗಂಡಸರು ಇನ್ನೂ ಹೊಲದ ದಾರಿಯಲ್ಲಿದ್ದರು. ನಾನು ಪಕ್ಕದ ಮನೆಯ ತ್ಸುಯಾಳ ಮುಖ ನೋಡಿದೆ. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು, ಕುಮಾಮೊತೊ ಕಡೆಯವಳು, ಬಾಯಿ ಬಲು ಜೋರು. ಅವಳೂ ನನ್ನ ಮುಖ ನೋಡಿದಳು. "ಇಳಿಯೋಣ್ವಾ?" ಅಂದೆ. "ಅದನ್ನ ಕೇಳೋಕೆ ಒಂದು ವರ್ಷ ತಗೊಂಡ್ಯಲ್ಲೇ" ಅಂದಳು. ಏಳು ಜನ ಹೆಂಗಸರು ಒಳಗಿಂದ ಅಗಳಿ ಹಾಕಿಕೊಂಡು ಇಳಿದೆವು.

ಅತ್ತೆ, ಸುಂಕು ಚುಚ್ಚಿದ ಮೈಗೆ ಆ ಬಿಸಿನೀರು ತಾಗಿದಾಗ ಏನಾಯಿತೆಂದು ನಿಮಗೆ ಹೇಗೆ ಹೇಳಲಿ. ತ್ಸುಯಾ ಅತ್ತಳು. ಬಾಯಿ ಜೋರಿನ ಹೆಂಗಸು ಅಳುವುದನ್ನು ನೋಡಿ ನಾವೆಲ್ಲ ನಕ್ಕೆವು.

ಆಮೇಲೆ ಗಂಡಸರು ಬಂದರು. ಬಾಗಿಲು ಬಡಿದರು. ಎಲ್ಲರಿಗಿಂತ ಜೋರು ನಮ್ಮೂರಿನ ನಕಾಯಾ ಮನೆಯ ಎರಡನೇ ಮಗ ತೊಕುಜಿ. "ಹೆಂಗಸರು ಇಳಿದ ಮೈಲಿಗೆ ನೀರಿಗೆ ನಾವು ಇಳೀಬೇಕಾ?" ಎಂದು ಕೂಗಿದ. ತ್ಸುಯಾ ತೊಟ್ಟಿಯಲ್ಲಿ ಕೂತಲ್ಲಿಂದಲೇ, "ಒಂಬತ್ತು ತಿಂಗಳು ಹೆಂಗಸಿನ ಹೊಟ್ಟೆಯ ನೀರಲ್ಲೇ ಬಿದ್ಕೊಂಡಿದ್ಯಲ್ಲೋ, ಆಗ ನಿಂಗೆ ಮೈಲಿಗೆ ಆಗ್ಲಿಲ್ವಾ?" ಅಂದಳು. ಹೊರಗೆ ಯಾರೋ ನಕ್ಕರು. ತೊಕುಜಿಗೆ ಅದು ಇನ್ನೂ ಉರಿ.

ನಾವು ಎದ್ದು ಬಂದ ಮೇಲೆ ಅವರು ಅಷ್ಟೂ ನೀರನ್ನು ಚೆಲ್ಲಿದರು. ನನಗೆ ಯಾರ ನೆನಪಾಯಿತೆಂದು ಹೇಳಬೇಕಾಗಿಲ್ಲ. ಆದರೆ ಈ ಸಲ ನಾನು ಮತ್ತೆ ನೀರು ಹೊರಲಿಲ್ಲ. ಯಾರೂ ಹೊರಲಿಲ್ಲ. ಸೌದೆ ಒಟ್ಟಲಿಲ್ಲ, ಒಲೆ ಊದಲಿಲ್ಲ. ಗಂಡಸರು ಒಂದು ವಾರ ಕೆಂಪು ಮಣ್ಣು ಮೆತ್ತಿಕೊಂಡೇ ಮಲಗಿದರು. ಕುದುರೆಯ ಮೇಲೆ ಬರುವ ಬಿಳಿ ಮೇಸ್ತ್ರಿ ಮೂಗು ಮುಚ್ಚಿಕೊಂಡು ಹೋದ.

ನಿಮ್ಮ ಮಗ ಹಾಸಿಗೆ ಸುತ್ತಿಕೊಂಡು ಒಂಟಿ ಗಂಡಸರ ಬಿಡಾರಕ್ಕೆ ಹೋಗಿದ್ದರು. ನನ್ನ ಜೊತೆ ಮಾತಿಲ್ಲ. ಎಂಟನೇ ದಿನ ಬೆಳಿಗ್ಗೆ ನೋಡುತ್ತೇನೆ, ಹೆಗಲ ಮೇಲೆ ಅಡ್ಡೆ ಇಟ್ಟುಕೊಂಡು ಕಾಲುವೆಯಿಂದ ನೀರು ಹೊತ್ತು ತರುತ್ತಿದ್ದಾರೆ. ಕಾಲಿನ ಮೇಲೆಲ್ಲ ಚೆಲ್ಲಿಕೊಂಡಿದ್ದರು, ಅಭ್ಯಾಸವಿಲ್ಲವಲ್ಲ. ನನ್ನ ಮುಖ ನೋಡದೆ, "ಪಕ್ಕದಲ್ಲಿ ಇನ್ನೊಂದು ತೊಟ್ಟಿ ಕಟ್ಟಿದ್ರೆ ಆಯ್ತಲ್ಲ. ಹಲಗೆ ನಾನು ತರ್ತೀನಿ" ಅಂದರು. ತಂದರು. ಕಾರ್ಖಾನೆಯಲ್ಲಿ ಬಿಸಾಡಿದ ಹಳೆಯ ಪೀಪಾಯಿಯ ಹಲಗೆ, ಈಗಲೂ ಬೆಲ್ಲದ ವಾಸನೆ ಬರುತ್ತದೆ. ಅದು ಹೆಂಗಸರ ತೊಟ್ಟಿ. ನಾವು ಹೊತ್ತ ನೀರು ಮೊದಲು ಅದನ್ನು ತುಂಬುತ್ತದೆ, ಆಮೇಲೆ ಗಂಡಸರದ್ದನ್ನು.

ನಿಮ್ಮ ಬಟ್ಟೆಯನ್ನು ಎರಡಾಗಿ ಸೀಳಿ ಆ ಬಾಗಿಲಿಗೆ ಪರದೆ ಮಾಡಿದ್ದೇನೆ. ಗುಡಿಯ ಮೊಹರಿನ ಕೆಂಪು ಗುರುತು ಹೊರಗಡೆಗೆ ಕಾಣುವ ಹಾಗೆ ಹಾಕಿದ್ದೇನೆ. ಅದನ್ನು ದಾಟಿ ಬರುವ ಧೈರ್ಯ ಇನ್ನೂ ಯಾವ ಗಂಡಸಿಗೂ ಬಂದಿಲ್ಲ.

ಸೆಕಿ

*

ಓಶಿಮಾ
1913 ಆಗಸ್ಟ್ 24

ಸೆಕಿಗೆ,

ನಿನ್ನ ಮೇ ತಿಂಗಳ ಕಾಗದವನ್ನು ನಾನು ನಿನ್ನ ಮಾವನಿಗೆ ಓದಿರಲಿಲ್ಲ. ಎಲ್ಲರೂ ಸೌಖ್ಯ, ಬಟ್ಟೆ ತಲುಪಿತು ಎಂದಷ್ಟೇ ಹೇಳಿದ್ದೆ. ಆದರೆ ನಕಾಯಾ ತೊಕುಜಿ ಪಿತೃಗಳ ಹಬ್ಬಕ್ಕೆ ಊರಿಗೆ ಬಂದಿಳಿದ. ಹಬ್ಬದ ಕುಣಿತದ ಜಾಗದಲ್ಲಿ, ಊರವರೆಲ್ಲ ಸೇರಿದ್ದಾಗ, ಹೆಂಡ ಕುಡಿದು ಎಲ್ಲ ಹೇಳಿದ. ಇಲ್ಲದ್ದನ್ನೂ ಸೇರಿಸಿದ. ನಮ್ಮ ಸೊಸೆ ಹವಾಯಿಯಲ್ಲಿ ಸ್ನಾನದ ಮನೆ ಇಟ್ಟಿದ್ದಾಳಂತೆ, ಗಂಡಸರನ್ನು ಆಳುತ್ತಾಳಂತೆ, ಕುಮಾಜಿ ಅವಳಿಗೆ ನೀರು ಹೊರುತ್ತಾನಂತೆ. ಸ್ನಾನದ ಮನೆಯ ಹೆಂಗಸು ಎಂದರೆ ಈ ಕಡೆ ಏನರ್ಥ ಎಂದು ನಿನಗೆ ಗೊತ್ತು. ನಿನ್ನ ಮಾವ ಅಲ್ಲಿಂದ ಎದ್ದು ಬಂದವರು ಎರಡು ದಿನ ಊಟ ಮಾಡಲಿಲ್ಲ.

ಕೆಳಗಿನದು ಅವರು ಹೇಳಿ ಬರೆಸಿದ್ದು, ಒಂದು ಅಕ್ಷರವೂ ನಾನು ಬದಲಿಸಿಲ್ಲ.

"ಆ ತೊಟ್ಟಿಯನ್ನು ಒಡೆದು ಒಲೆಗೆ ಹಾಕಬೇಕು. ಲೈನಿನ ಗಂಡಸರೆಲ್ಲರ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿ ತಪ್ಪಾಯಿತು ಎನ್ನಬೇಕು. ಹಾಗೆ ಮಾಡಿದೆ ಎಂದು ಕಾಗದ ಬರದಿದ್ದರೆ, ಈ ವರ್ಷ ಮುಗಿಯುವುದರೊಳಗೆ ನನ್ನ ಮೊಹರು ಹಾಕಿದ ಬಿಡುಗಡೆ ಕಾಗದ ಕುಮಾಜಿಗೆ ಬರುತ್ತದೆ. ಅವನು ಅದಕ್ಕೆ ತನ್ನ ಮೊಹರು ಒತ್ತಿ ವಾಪಸು ಕಳಿಸುತ್ತಾನೆ. ನಿನ್ನ ಹೆಸರು ಈ ಮನೆಯ ದಾಖಲೆಯಿಂದ ಹೋಗುತ್ತದೆ. ಬೇರೆ ಹುಡುಗಿಯ ಫೋಟೋ ತೆಗೆಸಿಯಾಗಿದೆ."

ಇಷ್ಟು ಅವರದು.

ನನ್ನದು ಒಂದೇ ಮಾತು. ಗುಡ್ಡ ಹತ್ತಿ, ಮಂಡಿ ನೋಯಿಸಿಕೊಂಡು, ಹುಟ್ಟುವ ಮಗುವಿಗೆಂದು ಮಂತ್ರಿಸಿ ತಂದ ಬಟ್ಟೆಯನ್ನು ಸೀಳಿ ಬಚ್ಚಲ ಬಾಗಿಲಿಗೆ ಕಟ್ಟಿದ್ದೀಯ. ಮಗುವಿನ ವಿಷಯ ಒಂದಕ್ಷರ ಬರೆಯಲಿಲ್ಲ. ನೀನು ಇಷ್ಟು ಕಲ್ಲೆದೆಯವಳು ಎಂದು ನಾನು ತಿಳಿದಿರಲಿಲ್ಲ.

ಇಲ್ಲಿ ನಿನಗೆಂದು ಇಡುತ್ತಿದ್ದ ತಟ್ಟೆಯನ್ನು ಎತ್ತಿಬಿಟ್ಟಿದ್ದೇನೆ.

ತೋಯೊ

*

ಹಮಾಕುವಾ
1913 ಅಕ್ಟೋಬರ್ 3

ಅತ್ತೆಯವರಿಗೆ,

ಮಗು ಇಲ್ಲ. ನೀವು ಬಟ್ಟೆ ಕಳಿಸುವುದಕ್ಕೆ ಮೊದಲೇ ಇರಲಿಲ್ಲ. ಹೋದ ಡಿಸೆಂಬರಿನಲ್ಲಿ ಹೋಯಿತು, ಏಳು ತಿಂಗಳಿಗೆ.

ಬಸುರಿಯಾಗಿದ್ದಾಗ, ಹುಟ್ಟಿದ ಮೇಲೇ ಹೇಳೋಣ ಎಂದಿದ್ದೆ. ಹೋದ ಮೇಲಾದರೂ ನಿಮಗೆ ಬರೆಯಬೇಕಿತ್ತು. ಎರಡು ಸಲ ಕೂತೆ. ಬರೆದರೆ ನೀವು ನನ್ನದೇ ತಪ್ಪು ಎನ್ನುತ್ತೀರಿ ಅನ್ನಿಸಿತು. ಬಟ್ಟೆ ಬಂದಾಗ ಅದನ್ನು ಬಿಚ್ಚಿ, ಗುಡಿಯ ಗುರುತು ನೋಡಿ, ಮತ್ತೆ ಮಡಿಸಿ ಹಾಸಿಗೆಯ ಕೆಳಗೆ ಇಟ್ಟೆ. ಹದಿನೈದು ದಿನ ಅದರ ಮೇಲೆ ಮಲಗಿದೆ. ಕಲ್ಲೆದೆಯವಳು ಹಾಗೆ ಮಾಡುವುದಿಲ್ಲ ಅಂದುಕೊಳ್ಳುತ್ತೇನೆ. ನಿಮಗೆ ಹೇಗೆ ಕಂಡಿತೋ ನಿಮ್ಮಿಷ್ಟ.

ಏನಾಯಿತೆಂದು ಈಗ ಕೇಳಿ. ಅವತ್ತು ಇಡೀ ದಿನ ಮಳೆಯಲ್ಲಿ ಎಲೆ ಸುಲಿದು ಬಂದಿದ್ದೆ. ಮನೆಗೆ ಬಂದು ಅಡುಗೆ ಮಾಡಿದೆ. ನೀರು ಹೊತ್ತೆ. ಗಂಡಸರೆಲ್ಲ ಸ್ನಾನ ಮಾಡಿ ಎದ್ದು ಹೋದರು. ಅಷ್ಟು ಜನರ ಸೋಪು, ಅಷ್ಟು ಜನರ ಕೆಸರು, ಮೆಟ್ಟಿಲ ಹಲಗೆ ಮೀನಿನ ಬೆನ್ನಿನ ಹಾಗೆ ಜಾರುತ್ತಿತ್ತು. ನೀರು ತಣ್ಣಗಿತ್ತು. ಇಳಿಯುವಾಗ ಚಳಿಗೆ ಕಾಲು ಸೆಟೆದುಕೊಂಡು ಜಾರಿ ಬಿದ್ದೆ, ತೊಟ್ಟಿಯ ಅಂಚು ಹೊಟ್ಟೆಗೆ ಬಡಿಯಿತು. ತ್ಸುಯಾ ಎತ್ತಿಕೊಂಡು ಹೋದಳು. ಹೆಣ್ಣು ಮಗು. ನೀವು ಬೇಡಿಕೊಂಡದ್ದು ಫಲಿಸಲಿಲ್ಲ, ಕಿವಿ ನಿಮ್ಮ ಮಗನದೇ. ಅವರೇ ಕಾಲುವೆಯ ಆಚೆ ಒಂದು ಮರದ ಬುಡದಲ್ಲಿ ಮಣ್ಣು ಮಾಡಿ ಬಂದರು. ಅಂದಿನಿಂದ ನಾವಿಬ್ಬರೂ ಅದರ ಮಾತೆತ್ತಿಲ್ಲ. ಆದರೆ ಅವರು ಹಲಗೆ ತಂದದ್ದು ಯಾಕೆಂದು ನನಗೆ ಗೊತ್ತು. ಉಳಿದ ಗಂಡಸರ ಪಾಲಿಗೆ ಇದು ಏನೂ ಅಲ್ಲ. ಹೆಂಗಸು ನಾಲ್ಕು ದಿನ ಕೆಲಸಕ್ಕೆ ಬರಲಿಲ್ಲ, ಅಷ್ಟೇ.

ಆ ನೀರಿಗೆ ನಾನು ಇನ್ನು ಇಳಿಯುವುದಿಲ್ಲ. ಈ ಲೈನಿನ ಯಾವ ಹೆಂಗಸೂ ಇಳಿಯುವುದಿಲ್ಲ. ಈಗ ಇಬ್ಬರು ಬಸುರಿಯರಿದ್ದಾರೆ, ಅವರು ಎಲ್ಲರಿಗಿಂತ ಮೊದಲು ಇಳಿಯುತ್ತಾರೆ, ಬೆಳಕಿರುವಾಗಲೇ, ಬಿಸಿ ನೀರಿಗೆ, ಉಜ್ಜಿ ತೊಳೆದ ಹಲಗೆಯ ಮೇಲೆ ಕಾಲಿಟ್ಟು. ಮೆಟ್ಟಿಲು ನಾನೇ ಉಜ್ಜುತ್ತೇನೆ. ತೊಟ್ಟಿ ಒಡೆಯಬೇಕಂತೆ. ಒಡೆಯುವುದಿಲ್ಲ. ತಪ್ಪಾಯಿತು ಎನ್ನಬೇಕಂತೆ. ತಪ್ಪು ಆಗಿದ್ದರೆ ತಾನೇ?

ನಿಮ್ಮ ಕಾಗದವನ್ನು ನಿಮ್ಮ ಮಗನ ಎದುರಿಗೇ ಓದಿದೆ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿಟ್ಟರು. ಆಮೇಲೆ, "ಅಪ್ಪನ ಮೊಹರು ಬಿದ್ದ ಕಾಗದ ಬಂದ್ರೆ ನಾನೇನೂ ಮಾಡೋಕಾಗಲ್ಲ ಸೆಕಿ" ಅಂದರು. ನನಗೆ ಅವರ ಮೇಲೆ ಸಿಟ್ಟು ಬಂತು. ನೀರು ಹೊರುವ ಧೈರ್ಯ ಬಂದಿದೆ, ಅಪ್ಪನಿಗೆ ಎದುರಾಡುವ ಧೈರ್ಯ ಇನ್ನೂ ಬಂದಿಲ್ಲ. ಆ ಕಾಗದ ಬಂದರೆ ಅವರು ಮೊಹರು ಒತ್ತುತ್ತಾರೆ, ಸಂದೇಹವಿಲ್ಲ. ಒತ್ತಿ, ಅಳುತ್ತಾರೆ. ಹೆಂಡತಿ ಅಲ್ಲದವಳಿಗೆ ಲೈನಿನಲ್ಲಿ ಜಾಗವಿಲ್ಲ. ಒಂದೋ ಹಡಗು ಹತ್ತಬೇಕು, ಇಲ್ಲವೇ ಕೈ ಹಿಡಿಯುತ್ತೇನೆಂದು ಮೊದಲು ಬರುವ ಯಾವನದೋ ಮನೆ ಸೇರಬೇಕು. ಎರಡನ್ನೂ ಯೋಚಿಸಿ ನೋಡಿದ್ದೇನೆ. ಆದರೂ ತೊಟ್ಟಿ ಒಡೆಯುವುದಿಲ್ಲ.

ಅತ್ತೆ, ಮೊಹರು ಮಾವನವರದು. ಕೈ ನಿಮ್ಮದು ಎಂದು ನೀವೇ ಬರೆದಿದ್ದಿರಿ. ಹಾಗಾದರೆ ನನ್ನನ್ನು ಮನೆಯಿಂದ ಹೊರಗೆ ಹಾಕುವ ಕಾಗದವನ್ನು ಬರೆಯುವುದೂ ಅದೇ ಕೈ. ಅವತ್ತು ನೀರು ಚೆಲ್ಲಿಸಿದ ಕೈ. ನಾನು ದಯೆ ಬೇಡುತ್ತಿಲ್ಲ. ಬರೆಯುವಾಗ ನಿಮ್ಮ ಕೈ ಬರೆಯುತ್ತಿದೆ ಎಂದು ನಿಮಗೆ ಗೊತ್ತಿರಲಿ, ಅಷ್ಟೇ.

ಈ ಕಾಗದವನ್ನು ಮಾವನವರಿಗೆ ಪೂರ್ತಿ ಓದಿ.

ಸೆಕಿ

*

ಓಶಿಮಾ
1913 ಡಿಸೆಂಬರ್ 7

ಸೆಕಿಗೆ,

ಪೂರ್ತಿ ಓದಿದೆ.

ಓದುವುದಕ್ಕೆ ಮೊದಲು ಎರಡು ದಿನ ಕಾಗದವನ್ನು ಎದೆಯಲ್ಲಿಟ್ಟುಕೊಂಡು ತಿರುಗಿದೆ. ತೊಟ್ಟಿ ಒಡೆದಳು, ತಪ್ಪಾಯಿತು ಎಂದಳು ಎಂದು ಸುಳ್ಳೇ ಓದಿಬಿಡೋಣ ಅಂದುಕೊಂಡಿದ್ದೆ. ಅವರಿಗೇನು ಗೊತ್ತಾಗುತ್ತಿತ್ತು? ಆದರೆ ಅದು ನಿನಗೆ ಮಾಡುವ ಅವಮಾನ. ಹಾಗಾಗಿ ಊಟವಾದ ಮೇಲೆ ಎದುರಿಗೆ ಕೂತು ಮೊದಲಿಂದ ಕೊನೆಯವರೆಗೆ ಓದಿದೆ. ಕಿವಿಯ ಮಾತು ಬಂದ ಸಾಲನ್ನು ಎರಡು ಸಲ ಓದಿದೆ. ಅವರು ಬೆಂಕಿಯ ಕಡೆ ನೋಡುತ್ತಾ ಕೂತಿದ್ದರು. ಮುಗಿದ ಮೇಲೆ, "ಹೋದದ್ದು ಹೋಯ್ತು. ಊರಲ್ಲಿ ತಲೆ ಎತ್ತೋಕಾಗ್ತಿಲ್ಲ. ಬರಿ" ಅಂದರು.

ನಾನು ಬರೆಯುವ ಕುಂಚ ತೊಳೆದು ಡಬ್ಬಿಯಲ್ಲಿಟ್ಟೆ. "ನೀವೇ ಬರೀರಿ" ಅಂದೆ.

ಈ ಮನೆಗೆ ಬಂದ ಮೇಲೆ ಅವರಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾಯಿತು, ಕಿವುಡರ ಹಾಗೆ ಇನ್ನೊಂದು ಸಲ ಕೇಳಿದರು. ಇನ್ನೊಂದು ಸಲ ಹೇಳಿದೆ. ಕಚೇರಿಯ ಗುಮಾಸ್ತನ ಹತ್ತಿರ ಬರೆಸುತ್ತೇನೆ ಎಂದು ಮೊಹರು ಹುಡುಕತೊಡಗಿದರು. ಪೆಟ್ಟಿಗೆಯಲ್ಲಿ ಇರಲಿಲ್ಲ. ಅದು ಈ ವರ್ಷ ಹಾಕಿದ ಮಿಸೋ ಪೀಪಾಯಿಯ ತಳದಲ್ಲಿದೆ, ಮೇಲೆ ದೊಡ್ಡ ಕಲ್ಲು ಹೇರಿದ್ದೇನೆ. ಆ ಮಿಸೋ ಹದಕ್ಕೆ ಬರಲು ಮೂರು ವರ್ಷ ಬೇಕು. ಅವರು ಹುಟ್ಟಿದಾಗಿನಿಂದ ಅಡುಗೆಮನೆಗೆ ಕಾಲಿಟ್ಟವರಲ್ಲ. ಹೊಸ ಮೊಹರು ಮಾಡಿಸಬೇಕಾದರೆ ಹಳೆಯದು ಕಳೆದುಹೋಯಿತು ಎಂದು ಕಚೇರಿಯಲ್ಲಿ ಹೇಳಬೇಕು. ಮನೆಯ ಮೊಹರನ್ನೇ ಕಳೆದುಕೊಂಡ ಯಜಮಾನ ಎಂದು ಹೇಳಿಸಿಕೊಳ್ಳುವವರಲ್ಲ ನಿನ್ನ ಮಾವ. ಹಾಗಾಗಿ ದಿನವೂ ಸುಮ್ಮನೆ ಪೆಟ್ಟಿಗೆ ತೆಗೆದು ನೋಡುತ್ತಾರೆ, ಮುಚ್ಚುತ್ತಾರೆ. ಯಾವ ಕಾಗದವೂ ಬರುವುದಿಲ್ಲ. ನಿನ್ನ ಹೆಸರು ಇದ್ದಲ್ಲೇ ಇರುತ್ತದೆ. ಕುಮಾಜಿಗೆ ಹೇಳು, ಅವನು ಅಳಬೇಕಾಗಿಲ್ಲ. ಅವನ ಮೇಲೆ ನನಗೂ ಸಿಟ್ಟಿದೆ.

ನಕಾಯಾ ಮನೆಯ ಮುಂದೆ ಹೋಗಿ ನಿಂತು ತೊಕುಜಿಗೂ ನಾಲ್ಕು ಮಾತು ಹೇಳಿ ಬಂದೆ. ಆ ತ್ಸುಯಾ ಹೇಳಿದ್ದನ್ನೇ ಹೇಳಿದೆ, ಅವನ ಅಮ್ಮನ ಎದುರಿಗೇ. ಅವನ ಅಮ್ಮ ನಕ್ಕಳು.

ದಾರಿಯ ತಿರುವಿನಲ್ಲಿ ಮಕ್ಕಳನ್ನು ಕಾಯುವ ಕಲ್ಲಿನ ಜಿಜೋ ದೇವರಿದ್ದಾನಲ್ಲ, ಅವನ ಕೊರಳಿಗೆ ಹೊಸ ಕೆಂಪು ಬಟ್ಟೆ ಹೊಲಿದು ಕಟ್ಟಿದ್ದೇನೆ. ಯಾರಿಗೆಂದು ಕೇಳಿದವರಿಗೆ ನನ್ನ ಮೊಮ್ಮಗಳಿಗೆ ಎಂದೆ. ನಿನ್ನದು ತಪ್ಪು ಎಂದು ನಾನು ಹೇಳುತ್ತಿದ್ದೆನೋ ಏನೋ, ಗೊತ್ತಿಲ್ಲ ಸೆಕಿ. ಹೇಳುತ್ತಿದ್ದೆ ಅಂತಲೇ ಅನ್ನಿಸುತ್ತದೆ. ಈಗ ಹೇಳುವುದಿಲ್ಲ. ಕೊನೆಯ ನೀರು ಮೆತ್ತಗಿರುತ್ತದೆ ಎಂದು ಬರೆದವಳು ನಾನು. ಅದು ಸುಳ್ಳು. ನನ್ನ ಅತ್ತೆ ಹೇಳಿದಾಗಲೂ ಸುಳ್ಳೇ ಎಂದು ಗೊತ್ತಿತ್ತು.

ಇನ್ನೊಂದು ಮಾತು. ಅವತ್ತು ನೀರು ಚೆಲ್ಲಿಸಿದ್ದು ಯಜಮಾನರ ಮರ್ಯಾದೆಗೆ ಎಂದು ನೀನು ತಿಳಿದಿದ್ದೀಯ. ನಾನೂ ಹಾಗೇ ತಿಳಿದಿದ್ದೆ. ಅಲ್ಲ. ನೀನು ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿ ಹಾಡುತ್ತಿದ್ದೆ. ನೋಡಿ ನನಗೆ ಹೊಟ್ಟೆ ಉರಿಯಿತು. ಅಂಥ ನೀರಿಗೆ ನಾನು ಒಂದು ಸಲವೂ ಇಳಿದಿರಲಿಲ್ಲ. ಚೆಲ್ಲದೆ ಬಿಟ್ಟಿದ್ದರೆ ನೀನು ಎದ್ದ ತಕ್ಷಣ ನಾನೂ ಇಳಿದುಬಿಡುತ್ತಿದ್ದೆ, ಆ ಹೆದರಿಕೆಗೆ ಚೆಲ್ಲಿಸಿದೆ.

ನಿನ್ನ ತಟ್ಟೆಯನ್ನು ಮತ್ತೆ ಇಟ್ಟಿದ್ದೇನೆ. ದೊಡ್ಡದನ್ನೇ.

ನಿನ್ನೆ ಮಧ್ಯಾಹ್ನ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿದೆ. ಕಿತ್ತಳೆ ಮರದ ಒಣಕೊಂಬೆ ಒಟ್ಟಿ ಒಲೆ ಹಚ್ಚಿದೆ. ನೀರು ಹದಕ್ಕೆ ಬಂದಾಗ ಎಂದಿನ ಹಾಗೆ ಅವರನ್ನು ಕರೆಯಬೇಕಿತ್ತು. ಕರೆಯಲಿಲ್ಲ. ಮೈ ತೊಳೆದುಕೊಂಡು, ಹಂಡೆಯ ತಳ ಕಾಲು ಸುಡದ ಹಾಗೆ ಹಾಕುವ ಹಲಗೆಯನ್ನು ಕಾಲಲ್ಲಿ ಒತ್ತಿ ಇಳಿದೆ. ಸ್ವಲ್ಪ ಹೊತ್ತಿಗೆ ಅವರು ಹೆಗಲ ಮೇಲೆ ಪಂಚೆ ಹಾಕಿಕೊಂಡು ಬಂದು ಹೊರಗೆ ನಿಂತು, "ನೀರು ಬಿಸಿಯಾಯ್ತಾ?" ಎಂದು ಕೇಳಿದರು.

"ಆಗಿದೆ. ನಾನು ಇಳಿದಿದೀನಿ. ನೀವು ಆಮೇಲೆ ಬನ್ನಿ" ಅಂದೆ.

ಅವರು ಹೋಗಲಿಲ್ಲ. ಚಳಿಯಲ್ಲಿ ಅಲ್ಲೇ ನಿಂತು ಕೆಮ್ಮುತ್ತಿದ್ದರು. ನಾನು ಅವಸರ ಮಾಡಲಿಲ್ಲ. ಮೊದಲ ನೀರು ಅಷ್ಟು ತಿಳಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಸೆಕಿ. ಬಗ್ಗಿ ನೋಡಿದರೆ ತಳದಲ್ಲಿ ನನ್ನ ಕಾಲ್ಬೆರಳುಗಳು ಕಾಣುತ್ತಿದ್ದವು.

ತೋಯೊ